ಖುಷಿಪಡಬಾರದ ನಾಯಿ

ಆ ನಾಯಿಯ ಹೆಸರು ಮರಿ. ಮನೆಗೆ ಬಂದ ದಿನ ಅದು ಮರಿಯಾಗಿತ್ತು. ಬೇರೆ ಹೆಸರು ಹುಡುಕುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ, ಅದೇ ಉಳಿಯಿತು. ವರ್ಷ ತುಂಬುವುದರೊಳಗೆ ಅದು ಎದ್ದು ನಿಂತರೆ ಮುಂಗಾಲು ಮನೆಯ ಯಜಮಾನನ ಹೆಗಲ ಮೇಲೆ ಬರುತ್ತಿತ್ತು. ಬೀದಿಯಲ್ಲಿ ಅವನು ‘ಮರೀ’ ಎಂದು ಕೂಗಿದರೆ ಹೊಸಬರು ಪುಟ್ಟದೊಂದು ಪ್ರಾಣಿ ಇರಬೇಕೆಂದುಕೊಂಡು ಕೆಳಗೆ ನೋಡುತ್ತಿದ್ದರು. ಅಷ್ಟರಲ್ಲಿ ಅವರೇ ಕೆಳಗಿರುತ್ತಿದ್ದರು.

ಅವನು ಬಸ್ ಡ್ರೈವರ್. ದೂರದ ರೂಟು, ಒಂದು ಬೆಳಿಗ್ಗೆ ಹೊರಟರೆ ಮೂರನೆಯ ದಿನ ಮಧ್ಯಾಹ್ನ ಮನೆ. ಅವನ ಹೆಂಡತಿ ಹಲ್ಲು ಮಾಡುವವಳು. ಕೀಳುವವಳಲ್ಲ, ಮಾಡುವವಳು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಮನೆಯ ಮುಂದಿನ ಕೋಣೆಯಲ್ಲಿ ಕೂತು, ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಗುಲಾಬಿ ಬಣ್ಣದ ವಸಡು ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಪೂರ್ತಿ ಸೆಟ್ಟು ಮಾಡಿ ಕಳಿಸುತ್ತಿದ್ದಳು. ಕೂದಲೆಳೆಯಷ್ಟು ಎತ್ತರ ತಪ್ಪಿದರೂ ಯಾರದೋ ಬಾಯಿ ಹುಣ್ಣಾಗುವ ಕೆಲಸ. ಅಂಥ ಕೆಲಸ ನಡೆಯುವ ಮನೆಗೆ, ಒಂದು ಮಾತು ಕೇಳದೆ, ಯೂನಿಫಾರಂ ಅಂಗಿಯೊಳಗೆ ಬಚ್ಚಿಟ್ಟುಕೊಂಡು ಅವನು ನಾಯಿ ತಂದ. ಯಾವುದೋ ಡಿಪೋದ ಗೋಡೆಯ ಹಿಂದೆ ಸಿಕ್ಕಿತಂತೆ. ‘ಪಾಪ ಅನ್ನಿಸ್ತು’ ಎಂದ. ಪಾಪ ಅನ್ನಿಸಿದವನು ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಹೋದ. ನಾಯಿಯೂ ಅವಳೂ ಒಬ್ಬರ ಮುಖ ಒಬ್ಬರು ನೋಡುತ್ತ ಉಳಿದರು.

ಮೊದಲ ವರ್ಷ ಅದು ಹಾಳು ಮಾಡಿದ ಸಾಮಾನಿನ ಲೆಕ್ಕ ಹೇಳುತ್ತ ಕೂತರೆ ಕತೆ ಮುಂದೆ ಸಾಗುವುದಿಲ್ಲ. ಒಂದನ್ನು ಮಾತ್ರ ಹೇಳಲೇಬೇಕು. ಒಂದು ಬೆಳಿಗ್ಗೆ, ಹೊಳಪು ಕೊಟ್ಟು ಒಣಗಲು ಇಟ್ಟಿದ್ದ ಮೇಲ್ದವಡೆಯ ಸೆಟ್ಟು ಬೆಂಚಿನ ಮೇಲಿಂದ ಮಾಯವಾಗಿತ್ತು. ಅವಳು ಮನೆಯೆಲ್ಲ ಜಾಲಾಡಿ ಹಿತ್ತಲಿಗೆ ಬಂದು ನೋಡಿದರೆ ಮರಿ ಬಿಸಿಲಲ್ಲಿ ಕೂತಿದೆ. ಬಾಯಲ್ಲಿ ಮನುಷ್ಯನ ಹಲ್ಲು, ಸಾಲಾಗಿ, ಬೆಳ್ಳಗೆ. ಅದು ಅವಳನ್ನು ನೋಡಿ ನಕ್ಕಿತು. ನಕ್ಕ ಹಾಗೆ ಕಂಡದ್ದಲ್ಲ, ನಕ್ಕೇ ನಕ್ಕಿತು. ಅಷ್ಟು ಹಲ್ಲಿದ್ದ ಮೇಲೆ ಇನ್ನೇನು ಮಾಡೀತು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ಆ ಹಲ್ಲಿಗಾಗಿ ಕಾದಿದ್ದ ನಿವೃತ್ತ ನ್ಯಾಯಾಧೀಶರು ಮಾತ್ರ ಇನ್ನೂ ಒಂದು ವಾರ ನೀರು ನೀರಾದದ್ದನ್ನೇ ಕುಡಿದುಕೊಂಡಿದ್ದರು. ದಂತವೈದ್ಯರು ಫೋನಿನಲ್ಲಿ ಬೈದದ್ದನ್ನೆಲ್ಲ ಅವಳು ತೆಪ್ಪಗೆ ಕೇಳಿಸಿಕೊಂಡು, ಫೋನಿಟ್ಟು, ಒಂದಕ್ಷರ ಬಿಡದೆ ನಾಯಿಗೆ ದಾಟಿಸಿದಳು. ನಾಯಿ ಬಾಲ ಅಲ್ಲಾಡಿಸಿತು.

ಅದರ ರೋಗವೇ ಅದು. ಅದಕ್ಕೆ ಕೆಟ್ಟತನ ಗೊತ್ತಿರಲಿಲ್ಲ, ಹೆದರಿಕೆಯೂ ಗೊತ್ತಿರಲಿಲ್ಲ. ಇದ್ದದ್ದು ಖುಷಿಯೊಂದೇ, ಅದೂ ಅಳತೆ ಮೀರಿ. ಬಾಗಿಲ ಬೆಲ್ ಆದರೆ ಖುಷಿ, ಬಕೆಟ್ಟು ಬಿದ್ದರೆ ಖುಷಿ, ಯಾರಾದರೂ ಸೀನಿದರೂ ಖುಷಿ. ಕೊರಿಯರಿನವನೊಬ್ಬ ಪಾರ್ಸೆಲ್ಲನ್ನು ಗೇಟಿನಾಚೆಯಿಂದ ಎಸೆದು ಓಡುವುದನ್ನು ಕಲಿತಿದ್ದ. ಎದುರುಮನೆಯ ಮೇಷ್ಟ್ರು ಇವರ ಗೇಟು ತೆರೆದ ಸದ್ದಾದರೆ ಸಾಕು, ವಾಕಿಂಗ್ ಅರ್ಧಕ್ಕೆ ಬಿಟ್ಟು ಒಳಗೆ ಹೋಗುತ್ತಿದ್ದರು. ದೂರು ಹೇಳಲು ಬಂದವರಿಗೆಲ್ಲ ಅವಳದು ಒಂದೇ ಉತ್ತರ. ‘ನನ್ನ ನಾಯಿ ಅಲ್ಲ. ಅವರದ್ದು. ಅವರು ಬಂದಾಗ ಬನ್ನಿ.’

ಗಂಡ ಹೆಂಡಿರ ನಡುವೆ ಮೊದಲೇ ಮಾತು ಕಡಿಮೆ. ನಾಯಿ ಬಂದ ಮೇಲೆ ಇದ್ದ ಮಾತೂ ಅದರ ಮೂಲಕವೇ ನಡೆಯತೊಡಗಿತು.

‘ಮರೀ, ನಿಮ್ಮ ಯಜಮಾನ್ರಿಗೆ ಹೇಳು, ಒದ್ದೆ ಟವಲು ಮಂಚದ ಮೇಲೆ ಹಾಕೋಕೆ ಇದು ಲಾಡ್ಜ್ ಅಲ್ಲ.’

‘ಮರೀ, ನಿಮ್ಮಮ್ಮಂಗೆ ಹೇಳು, ಲಾಡ್ಜಲ್ಲಾದ್ರೆ ನಗ್ತಾ ಮಾತಾಡಿಸ್ತಾರೆ.’

‘ನಾನು ಅದರ ಅಮ್ಮ ಅಲ್ಲ!’ ಎನ್ನುವಾಗ ಮಾತ್ರ ಅವಳು ನೇರವಾಗಿ ಅವನ ಮುಖ ನೋಡುತ್ತಿದ್ದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಮಾತಿದೆ. ಇವರದು ಉಂಡು, ಮಲಗಿ, ಎದ್ದ ಮೇಲೂ ನಿನ್ನೆ ಬಿಟ್ಟ ಕಡೆಯಿಂದಲೇ ಶುರುವಾಗುತ್ತಿತ್ತು.

ಆದರೆ ಅವಳ ಹೊಟ್ಟೆಯುರಿಗೆ ಕಾರಣ ಕಳೆದುಹೋದ ಹಲ್ಲಲ್ಲ. ಅವನು ಮನೆಗೆ ಬರುವ ದಿನ. ಬಸ್ಸಿಳಿದು ಅವನಿನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಮರಿಗೆ ಗೊತ್ತಾಗಿಬಿಡುತ್ತಿತ್ತು. ಬಾಗಿಲಿಗೆ ಹೋಗಿ ನಿಂತು ಇಡೀ ಮೈ ನಡುಗಿಸುತ್ತ, ಕುಂಯ್‌ಗುಡುತ್ತ, ಬಾಗಿಲು ತೆರೆದೊಡನೆ ಮೇಲೆ ಹಾರಿ ಅವನನ್ನು ಉರುಳಿಸುತ್ತಿತ್ತು. ಅವನೂ ಬೇಕೆಂದೇ ಉರುಳುತ್ತಿದ್ದ. ನಲವತ್ತೈದು ದಾಟಿದ ಗಂಡಸು, ನೆಲದ ಮೇಲೆ ಹೊರಳಾಡುತ್ತ, ‘ಬಂದೆ ಕಣೋ, ಬಂದೆ, ಬಂದೆ’ ಎಂದು ಕೂಗುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು. ಆಮೇಲೆ ಅವನು ಊಟ ಮಾಡಿ ಗೊರಕೆ ಹೊಡೆಯುವಾಗ, ಉರುಳಾಟದಲ್ಲಿ ಬಿದ್ದದ್ದನ್ನು ಎತ್ತಿಡುವವಳು ಅವಳು. ಜೊಲ್ಲು ಒರೆಸುವವಳು ಅವಳು. ನಾಯಿಗೆ ಊಟ ಹಾಕಿ, ಉಣ್ಣಿ ಕಿತ್ತು, ಮಳೆಯಲ್ಲೂ ಚಳಿಯಲ್ಲೂ ಹೊರಗೆ ತಿರುಗಾಡಿಸಿ ತರುವವಳೂ ಅವಳೇ. ಆಕೆ ಅಂಗಡಿಗೋ ಕ್ಲಿನಿಕ್ಕಿಗೋ ಹೋಗಿ ಎರಡು ಗಂಟೆ ಬಿಟ್ಟು ಬಂದರೆ ಅದು ಒಂದು ಕಣ್ಣು ತೆರೆದು ನೋಡಿ, ಇವಳಾ ಎಂಬಂತೆ ಮುಚ್ಚಿಕೊಳ್ಳುತ್ತಿತ್ತು.

‘ಹಿತ್ತಲ ಗಿಡ ಮದ್ದಲ್ಲ ಕಣೇ,’ ಎಂದು ಅವಳು ಫೋನಿನಲ್ಲಿ ಅಕ್ಕನಿಗೆ ಹೇಳುತ್ತಿದ್ದಳು. ‘ದುಡಿಯೋಳು ನಾನು, ಮುದ್ದು ಅವರಿಗೆ. ನನ್ನ ಕಂಡ್ರೆ ಆ ಮುಂಡೇದು ಬಾಲ ಕೂಡ ಎತ್ತಲ್ಲ.’

‘ಎರಡು ದಿನ ಇಲ್ಲಿಗಾದ್ರೂ ಬಂದು ಹೋಗೇ.’

‘ಇದನ್ನ ಯಾರ ತಲೆಗೆ ಕಟ್ಟಲಿ?’

ಯಾರ ತಲೆಗೂ ಕಟ್ಟುವಂತಿರಲಿಲ್ಲ. ಆ ನಾಯಿ ಬಂದಂದಿನಿಂದ ಅವಳು ಒಂದು ರಾತ್ರಿಯೂ ಬೇರೆ ಕಡೆ ಮಲಗಿದ್ದಿಲ್ಲ. ಅಕ್ಕನಿಗೆ ಮೊಮ್ಮಗು ಹುಟ್ಟಿದಾಗಲೂ ಫೋನಿನಲ್ಲೇ ಮುಖ ನೋಡಿ ಮುಗಿಸಿದಳು. ಅದನ್ನೆಲ್ಲ ಅವಳು ಮರೆಯಲಿಲ್ಲ; ಮರೆಯುವ ಜಾತಿಯವಳೂ ಅಲ್ಲ. ಅವನ ಮೇಲಿನ ಸಿಟ್ಟಿಗೆ ಅದನ್ನೂ ಸೇರಿಸಿಕೊಂಡಳು.

ಹತ್ತು ವರ್ಷ ಕಳೆಯಿತು. ನಾಯಿಯ ಮೂತಿ ಬೆಳ್ಳಗಾಯಿತು, ಕಿವಿ ಮಂದವಾಯಿತು, ಹಿಂಗಾಲಿನಲ್ಲಿ ಶಕ್ತಿ ಉಳಿಯಲಿಲ್ಲ. ಟೈಲ್ಸ್ ನೆಲದ ಮೇಲೆ ಅದರ ಹಿಂಭಾಗ ಒಂದು ಕಡೆ ಜಾರಿದರೆ ಮುಂಭಾಗ ಇನ್ನೊಂದು ಕಡೆ ಹೋಗುತ್ತಿತ್ತು. ಅವಳು ಬೈಯುತ್ತಲೇ ಹಜಾರದುದ್ದಕ್ಕೂ ರಬ್ಬರ್ ಮ್ಯಾಟು ಹಾಸಿದಳು. ಬೆಳಿಗ್ಗೆ ಅದು ಏಳಲಾಗದೆ ಒದ್ದಾಡುವಾಗ ಹೊಟ್ಟೆಯಡಿ ಟವಲು ತೂರಿಸಿ, ಎರಡೂ ತುದಿ ಹಿಡಿದು ಮೇಲಕ್ಕೆತ್ತಿ, ‘ಏಳು, ಹಾಳಾದ್ದೇ, ನನ್ನ ಸೊಂಟ ಮುರಿಯೋಕೇ ಹುಟ್ಟಿದೀಯ’ ಎನ್ನುತ್ತ ಹಿತ್ತಲಿಗೆ ನಡೆಸಿಕೊಂಡು ಹೋಗುತ್ತಿದ್ದಳು. ಮುದಿತನ ಬಂದರೂ ಅದರ ಬುದ್ಧಿ ಮಾತ್ರ ಮುದಿಯಾಗಲಿಲ್ಲ. ಅವನು ಬರುವ ಮಧ್ಯಾಹ್ನ ಎಲ್ಲಿಂದಲೋ ಕಾಲಿಗೆ ಬಲ ಬಂದು ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು.

ಅಂಥದ್ದೇ ಒಂದು ಮಧ್ಯಾಹ್ನ ಅವನು ಬಾಗಿಲು ತೆರೆದ, ಅದು ಹಾರಿತು, ಹಾರಿದ್ದು ಹಾಗೇ ಪಕ್ಕಕ್ಕೆ ಮರದ ದಿಮ್ಮಿಯಂತೆ ಬಿತ್ತು. ನಾಲಗೆ ನೀಲಿಯಾಗಿತ್ತು. ಅವನು ‘ಮರೀ ಮರೀ’ ಎಂದು ತಲೆ ಚಚ್ಚಿಕೊಳ್ಳುತ್ತ ಕೂತ. ನೀರು ತಂದು ಮುಖಕ್ಕೆ ಹಾಕಿ, ಎದೆ ತಿಕ್ಕಿ, ಅದು ಮತ್ತೆ ಉಸಿರಾಡುವ ಹಾಗೆ ಮಾಡಿದವಳು ಅವಳು. ಕಣ್ಣು ಬಿಟ್ಟ ನಾಯಿ ಮೊದಲು ನೋಡಿದ್ದು ಅವನ ಕಡೆ. ಅದನ್ನೂ ಅವಳು ಗಮನಿಸಿದಳು.

ಪಶುವೈದ್ಯೆ ಚಿಕ್ಕ ವಯಸ್ಸಿನವಳು, ಮಾತು ನೇರ. ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದಳು. ‘ಹೃದಯ ದೊಡ್ಡದಾಗಿದೆ,’ ಎಂದಳು.

‘ಅದು ಮೊದ್ಲಿಂದ್ಲೂ ದೊಡ್ಡದೇ,’ ಎಂದ ಅವನು.

‘ನಾನು ಕಾಯಿಲೆ ಹೇಳ್ತಿದೀನಿ. ಮಾತ್ರೆ ಕೊಡ್ತೀನಿ, ದಿನಾ ಹಾಕಿ. ಆದ್ರೆ ಮಾತ್ರೆಗಿಂತ ಮುಖ್ಯ ಇನ್ನೊಂದಿದೆ. ಇದಕ್ಕೆ ಉದ್ವೇಗ ಆಗಬಾರದು. ಖುಷಿ ಆಗಬಾರದು. ಇನ್ನೊಂದು ಸಲ ಹಾಗೆ ಹಾರಿದ್ರೆ ಅಲ್ಲಿಗೇ ಮುಗೀತು ಅಂದ್ಕೊಳ್ಳಿ. ಯಾರನ್ನ ಕಂಡ್ರೆ ಜಾಸ್ತಿ ಕುಣಿಯುತ್ತೆ?’

ಅವನು ಬಾಯಿ ತೆರೆಯುವ ಮೊದಲೇ ಅವಳು ಉತ್ತರ ಕೊಟ್ಟಾಗಿತ್ತು. ‘ಇವರನ್ನ. ಇವರೊಬ್ಬರನ್ನೇ. ನಾನು ಹೋದ್ರೂ ಬಂದ್ರೂ ತಲೆ ಎತ್ತಿ ನೋಡಲ್ಲ.’

‘ಹಾಗಾದ್ರೆ ನೀವು ಹುಷಾರಾಗಿರಬೇಕು ಸರ್,’ ಎಂದಳು ವೈದ್ಯೆ, ಅವನಿಗೆ.

ಅಂದಿನಿಂದ ಅವಳ ಕಾಲ ಬಂತು. ಮನೆಗೆ ಹಿಂತಿರುಗುವ ದಾರಿಯಲ್ಲೇ ಅವಳು ಕಾನೂನು ಬರೆದುಬಿಟ್ಟಳು. ಮುಂದಿನ ಬಾಗಿಲು ಅವನಿಗೆ ಬಂದ್. ಬೀದಿಯ ತಿರುವಿನಲ್ಲೇ ಹಿಂದಿನ ಓಣಿಗೆ ಇಳಿಯಬೇಕು. ಹಿತ್ತಲ ಕಡೆಯಿಂದ ನೇರ ಬಚ್ಚಲಿಗೆ. ಡೀಸೆಲ್ ವಾಸನೆಯ ಯೂನಿಫಾರಂ ಕಳಚಿ, ಮೈಗೆ ನೀರು ಹಾಕಿಕೊಂಡು, ಅವಳು ಇಟ್ಟಿರುವ ಒಗೆದ ಬಟ್ಟೆ ಹಾಕಿಕೊಳ್ಳಬೇಕು. ಆಮೇಲೆ ಹಜಾರಕ್ಕೆ ಹಿಮ್ಮುಖವಾಗಿ ಬಂದು ನಾಯಿಗೆ ಬೆನ್ನು ಮಾಡಿ ಕೂರಬೇಕು. ಅದನ್ನು ನೋಡಬಾರದು, ಹೆಸರು ಹಿಡಿದು ಕರೆಯಬಾರದು. ಒಂದು ಗಂಟೆ ಹೊರಗೆ ಹೋಗಿ ಬಂದರೂ ಇದೇ ನಿಯಮ.

‘ನೀವು ಬರಬಾರದು,’ ಎಂದು ವಿವರಿಸಿದಳು. ‘ಬಂದಿರಬೇಕು. ಮೊದ್ಲಿಂದ್ಲೂ ಇಲ್ಲೇ ಬಿದ್ದಿದ್ದವರ ಹಾಗೆ.’

ಅವನು ಪಾಲಿಸಿದ. ನಾಯಿಯ ಜೀವದ ಪ್ರಶ್ನೆ. ಅವನು ಜಗಳಗಂಟ ನಿಜ, ಕಟುಕನಲ್ಲ. ಮೂರು ದಿನ ಸ್ಟಿಯರಿಂಗ್ ಹಿಡಿದು ಬಂದವನು ತನ್ನದೇ ಮನೆಗೆ ಕಳ್ಳನಂತೆ ನುಸುಳಿ, ಬಚ್ಚಲಲ್ಲಿ ಸದ್ದಾಗದಂತೆ ನೀರು ಸುರಿದುಕೊಂಡು, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಬಂದು ಗೋಡೆ ನೋಡುತ್ತ ಕೂರುತ್ತಿದ್ದ. ಎಷ್ಟೋ ಹೊತ್ತಿನ ಮೇಲೆ ನಾಯಿ ಮೂಗು ಅರಳಿಸಿ, ತೆವಳಿ ಬಂದು, ಅವನ ಬೆನ್ನಿಗೆ ಮೂತಿಯೊತ್ತುತ್ತಿತ್ತು. ಅಷ್ಟೇ. ಹಾರಾಟವಿಲ್ಲ, ಹೊರಳಾಟವಿಲ್ಲ. ಅವಳು ಕೆಲಸದ ಕೋಣೆಯ ಬಾಗಿಲಿಗೆ ಒರಗಿ, ಕೈಯಲ್ಲಿ ಮೇಣದ ಚಾಕು ಹಿಡಿದು, ಇದನ್ನೆಲ್ಲ ಪರೀಕ್ಷೆಯ ಮೇಲ್ವಿಚಾರಕಿಯಂತೆ ನೋಡುತ್ತಿದ್ದಳು. ಅವಳಿಗೆ ಸಂತೋಷವಾಗುತ್ತಿತ್ತು. ಮುಚ್ಚಿಡುವುದೇನು, ಚೆನ್ನಾಗಿಯೇ ಆಗುತ್ತಿತ್ತು.

ಒಂದು ದಿನ ಅವನು ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ. ‘ಮನೆಗೆ ಬಂದ ಹಾಗೇ ಅನ್ನಿಸಲ್ಲ ಕಣೇ.’

ಅವನ ಧ್ವನಿಯಲ್ಲಿ ಜಗಳವಿರಲಿಲ್ಲ. ಅದಕ್ಕೇ ಅವಳಿಗೆ ಇನ್ನೂ ರೇಗಿತು.

‘ನನಗೆ ಮನೆಯಿಂದ ಹೋದ ಹಾಗೇ ಅನ್ನಿಸಿಲ್ಲ, ಇಷ್ಟು ವರ್ಷ,’ ಎಂದಳು. ‘ಅದನ್ನ ಕೇಳಿದ್ರಾ ನೀವು?’

ಅವನು ಕೇಳಿರಲಿಲ್ಲ. ಈಗಲೂ ಕೇಳಲಿಲ್ಲ. ಬೆನ್ನಿಗೆ ಒತ್ತಿದ್ದ ನಾಯಿಯ ಮೂತಿಯನ್ನು ಕೈ ಹಿಂದೆ ಮಾಡಿ ಮೆಲ್ಲಗೆ ತಡವುತ್ತ ಕೂತ. ‘ಮುಟ್ಟಬೇಡಿ, ಈಗಷ್ಟೇ ಉಸಿರು ಸಮ ಆಗಿದೆ’ ಎಂದು ಅವಳು ಅದಕ್ಕೂ ಕಲ್ಲು ಹಾಕಿದಳು.

ಹೀಗೆ ನಿಯಮದ ಮೇಲೆ ನಾಯಿ ಇನ್ನೂ ಒಂದು ವರ್ಷ ಬದುಕಿತು. ಪಶುವೈದ್ಯೆಗೇ ಆಶ್ಚರ್ಯ. ‘ಯಾರು ನೋಡಿಕೊಳ್ತಿರೋದು?’ ಎಂದು ಕೇಳಿದಳು. ಅವನು ಹೆಂಡತಿಯ ಕಡೆ ಕೈ ತೋರಿಸಿದ. ಅವಳು, ‘ಇವರಿಗೆ ಬಾಗಿಲು ಹಾಕಿದ್ದೇ ಔಷಧಿ’ ಎಂದಳು.

ಅಷ್ಟರಲ್ಲಿ ಅವಳಿಗೇ ಹೊಟ್ಟೆನೋವು ಶುರುವಾಯಿತು. ಪಿತ್ತಕೋಶದಲ್ಲಿ ಕಲ್ಲು, ತೆಗೆಯಲೇಬೇಕು, ಆಸ್ಪತ್ರೆಯಲ್ಲಿ ನಾಲ್ಕು ದಿನ ಇರಬೇಕು ಎಂದರು. ಅವನು ರಜೆ ಹಾಕಿದ. ಹೊರಡುವ ಬೆಳಿಗ್ಗೆ ಅವಳು ಮಾತ್ರೆ ಯಾವಾಗ, ಊಟ ಎಷ್ಟು, ಟವಲು ಎಲ್ಲಿ ಎಂದು ಹತ್ತು ಸಲ ಹೇಳಿ, ಹನ್ನೊಂದನೆಯ ಸಲ ಶುರುಮಾಡಿದಾಗ ಅವನು, ‘ನನ್ನ ನಾಯಿ ನನಗೆ ಗೊತ್ತಿಲ್ವಾ?’ ಎಂದ. ‘ಗೊತ್ತಿಲ್ಲ,’ ಎಂದಳು ಅವಳು. ನಾಯಿ ಹಜಾರದಲ್ಲಿ ಮಲಗಿತ್ತು. ಅವಳು ಚೀಲ ಹಿಡಿದು ಅದನ್ನು ದಾಟಿಕೊಂಡು ಹೋದಳು. ಅದು ಕಣ್ಣೂ ತೆರೆಯಲಿಲ್ಲ.

ಆಪರೇಷನ್ ಸರಿಯಾಗಿ ಆಯಿತು. ಎರಡನೆಯ ದಿನ ಸಂಜೆ ಅವನು ವಾರ್ಡಿಗೆ ಬಂದು, ಸ್ಟೂಲಿನ ತುದಿಯಲ್ಲಿ ಕೂತು, ಹೇಗಿದ್ದೀಯ ಎಂದು ಕೇಳುವುದಕ್ಕೆ ಬದಲು ಕಿಟಕಿ ನೋಡಿದ.

‘ಮಾತ್ರೆ ಹಾಕಿದ್ರಾ?’

‘ಹಾಕಿದೆ. ಊಟ ಬಿಟ್ಟಿದೆ ಅದು.’

‘ನೀವು ಮಾಡಿ ಹಾಕಿದ್ದು ತಾನೆ? ವಯಸ್ಸಾದ್ರೂ ನಾಲಗೆ ಸತ್ತಿಲ್ಲವಲ್ಲ ಅದಕ್ಕೆ.’

‘ನಿನ್ನ ಹಲ್ಲಿನ ಕೋಣೆ ಬಾಗಿಲಲ್ಲೇ ಬಿದ್ದಿರುತ್ತೆ. ಕರೆದ್ರೂ ಬರಲ್ಲ.’

‘ಅಲ್ಲಿ ನೆಲ ತಣ್ಣಗಿರುತ್ತೆ,’ ಎಂದಳು. ಪಕ್ಕದಲ್ಲಿ ಡ್ರಿಪ್ಪು ಬದಲಿಸುತ್ತಿದ್ದ ನರ್ಸು, ‘ನಿಮ್ಮನ್ನ ಹುಡುಕ್ತಾ ಇರಬಹುದು ಆಂಟಿ’ ಎಂದಳು. ಅವಳು ಹೊಲಿಗೆ ನೋಯುವಷ್ಟು ನಕ್ಕಳು. ‘ನನ್ನನ್ನಾ! ಅಯ್ಯೋ ತಾಯಿ, ನಾನು ಸತ್ತು ಬಿದ್ರೂ ಮೂಸಿ ನೋಡಿ ದಾಟಿಕೊಂಡು ಹೋಗೋ ಪ್ರಾಣಿ ಅದು.’ ಅವನು ನಗಲಿಲ್ಲ. ಎದ್ದು, ‘ಬರ್ತೀನಿ’ ಎಂದು ಹೋದ.

ಬಿಡುಗಡೆಯ ದಿನ ಅವನು ಡಿಪೋದ ಸ್ನೇಹಿತನ ಹಳೆಯ ವ್ಯಾನು ತಂದ. ಭಾರ ಎತ್ತಬೇಡಿ, ಬಗ್ಗಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ದಾರಿಯುದ್ದಕ್ಕೂ ವ್ಯಾನಿನ ಸದ್ದೇ ಸಾಕಷ್ಟಿತ್ತು. ಗೇಟಿನ ಮುಂದೆ ನಿಲ್ಲಿಸಿ, ‘ನೀನು ಇಳಿ. ನಾನು ಹಿಂದಿನಿಂದ ಬರ್ತೀನಿ’ ಎಂದ. ಅವಳು ಇಳಿದಳು. ಅವನು ವ್ಯಾನನ್ನು ಓಣಿಯ ಕಡೆ ತಿರುಗಿಸಿಕೊಂಡು ಹೋದ. ತನಗೆ ಮುಂದಿನ ಬಾಗಿಲು, ಅವನಿಗೆ ಹಿಂದಿನದು: ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲು ಹತ್ತುವಾಗ, ಆ ನೋವಿನಲ್ಲೂ, ಅವಳಿಗೆ ಅದು ಹಿತವಾಗಿ ನೆನಪಾಯಿತು. ಬೀಗ ತೆಗೆದಳು.

ಮರಿ ಕೆಲಸದ ಕೋಣೆಯ ಬಾಗಿಲಲ್ಲಿ ಮಲಗಿತ್ತು. ತಲೆಯೆತ್ತಿತು. ಮೂಗು ಅರಳಿತು. ಆಮೇಲೆ ಅದು ಎದ್ದಿತು. ಟವಲಿಲ್ಲದೆ, ಯಾರೂ ಹಿಡಿಯದೆ, ತಿಂಗಳುಗಟ್ಟಲೆ ಒಂದೇ ಸಲಕ್ಕೆ ಎದ್ದಿರದ ನಾಯಿ ಒಂದೇ ಸಲಕ್ಕೆ ಎದ್ದಿತು. ಅವಳು ಹಿಂದೆ ತಿರುಗಿ ನೋಡಿದಳು, ಅವನೇ ಬಂದನೇನೋ ಎಂದು. ಬಾಗಿಲಲ್ಲಿ ಯಾರೂ ಇರಲಿಲ್ಲ. ಮತ್ತೆ ಇತ್ತ ತಿರುಗುವಷ್ಟರಲ್ಲಿ ಅದು ಓಡಿ ಬರುತ್ತಿತ್ತು. ಮ್ಯಾಟು ಬಿಟ್ಟು, ಬರಿಯ ಟೈಲ್ಸಿನ ಮೇಲೆ, ಹಿಂಗಾಲು ಜಾರಿದರೂ ಲೆಕ್ಕಿಸದೆ, ಕುಂಯ್‌ಗುಡುತ್ತ.

‘ಬೇಡ,’ ಎಂದಳು. ‘ಬೇಡ, ಬೇಡ, ನಿಲ್ಲು...’

ಅದು ಹಾರಿತು. ಎರಡು ಮುಂಗಾಲೂ ಅವಳ ಹೆಗಲ ಮೇಲೆ ಬಂದವು. ಅವಳ ಬೆನ್ನು ತೆರೆದು ಗೋಡೆಗೆ ಒರಗಿದ್ದ ಕದಕ್ಕೆ ಬಡಿಯಿತು. ಇದನ್ನು ಅವಳು ಸಾವಿರ ಸಲ ನೋಡಿದ್ದಳು, ಆದರೆ ಪಕ್ಕದಿಂದ. ಆ ಮುಖ ಎದುರಿನಿಂದ ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಮೋಡ ಕವಿದ ಎರಡು ಮುದಿ ಕಣ್ಣು ಅವಳನ್ನೇ, ಅವಳೊಬ್ಬಳನ್ನೇ ನೋಡುತ್ತಿದ್ದವು. ಎಲ್ಲಿ ಹೋಗಿದ್ದೆ, ಎಲ್ಲಿ ಹೋಗಿದ್ದೆ ಎಂದು ಅದು ಅವಳ ಕೆನ್ನೆ, ಕಿವಿ, ಕತ್ತು ಎಲ್ಲ ನೆಕ್ಕುತ್ತಿತ್ತು. ಅದರ ಎದೆ ಅವಳ ಎದೆಗೆ ಬಡಿಯುತ್ತಿತ್ತು. ‘ಇಳಿ,’ ಎಂದಳು. ‘ಇಳಿ, ಹಾಳಾದ್ದೇ, ಸಾಯ್ತೀಯ, ಇಳಿ.’ ಬಾಯಿ ಇಳಿ ಎನ್ನುತ್ತಿತ್ತು, ಕೈ ಮಾತ್ರ ಅದನ್ನು ತಬ್ಬಿಕೊಂಡಿತ್ತು. ಹನ್ನೊಂದು ವರ್ಷ ಇದಕ್ಕಾಗಿ ಕಾಯುತ್ತಿದ್ದೆ ಎಂಬುದು ಅವಳಿಗೆ ಆಗ ಗೊತ್ತಾಯಿತು. ಗೊತ್ತಾಗುತ್ತಿರುವಾಗಲೇ ಆ ಮೈ ಭಾರವಾಗತೊಡಗಿತು.

ಅವಳು ಬಿಡಲಿಲ್ಲ. ಬಾಗಿಲಿಗೆ ಬೆನ್ನುಕೊಟ್ಟು, ಅದರ ಜೊತೆಗೇ ಜಾರುತ್ತ ಜಾರುತ್ತ ನೆಲಕ್ಕೆ ಕೂತಳು. ಹೊಟ್ಟೆಯಲ್ಲಿ ಏನೋ ಹರಿದಂತಾಯಿತು. ನಾಯಿಯ ಎದೆ ತಿಕ್ಕಿದಳು, ಹಿಂದೊಮ್ಮೆ ತಿಕ್ಕಿ ಬದುಕಿಸಿದವಳೇ. ತಲೆ ಅವಳ ತೊಡೆಯ ಮೇಲಿತ್ತು. ಇನ್ನೆರಡು ಸಲ ಬಾಲ ನೆಲಕ್ಕೆ ತಟ್ಟಿತು. ಆಮೇಲೆ ತಟ್ಟಲಿಲ್ಲ.

ಆಗ ಬಚ್ಚಲಲ್ಲಿ ನೀರಿನ ಸದ್ದು ಶುರುವಾಯಿತು.

ಅವನು ಸ್ನಾನ ಮಾಡುತ್ತಿದ್ದ. ಸದ್ದಾಗಬಾರದೆಂದು ಚೊಂಬನ್ನು ಮೈಗೆ ತಾಗಿಸಿ ಸುರಿದುಕೊಳ್ಳುತ್ತಿದ್ದ. ಅವಳಿಗೆ ಕೂಗಬೇಕೆನ್ನಿಸಿತು, ಕೂಗಿದರೆ ಹೊಟ್ಟೆ ಹರಿಯುತ್ತದೆ, ಅದಕ್ಕಿಂತ ಕೂಗಿ ಏನೆಂದು ಹೇಳುವುದು. ಅವಳು ಹಾಗೇ ಕೂತು ಕೇಳಿಸಿಕೊಂಡಳು. ನೀರು ನಿಂತಿತು. ಬಟ್ಟೆ ಕೊಡವಿದ ಸದ್ದು. ಬಚ್ಚಲ ಬಾಗಿಲು ಮೆಲ್ಲಗೆ ತೆರೆಯಿತು. ಅವನು ಹಿಮ್ಮುಖವಾಗಿ, ಒಂದೊಂದೇ ಹೆಜ್ಜೆ ಹಿಂದಿಡುತ್ತ, ಹಜಾರಕ್ಕೆ ಬಂದು ಅವರಿಬ್ಬರಿಗೂ ಬೆನ್ನು ಮಾಡಿ ಮ್ಯಾಟಿನ ಮೇಲೆ ಕೂತ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

‘ಮಲಗಿದ್ಯಾ ಅದು?’ ಎಂದು ಪಿಸುಗುಟ್ಟಿದ.

‘ಹ್ಞೂಂ.’

‘ನೋಡು, ನಾನು ಬಂದದ್ದು ಗೊತ್ತೇ ಆಗ್ಲಿಲ್ಲ.’ ಅವನಿಗೆ ಹೆಮ್ಮೆಯಾಗಿತ್ತು.

‘ತಿರುಗಿ,’ ಎಂದಳು.

‘ಇರು, ಇನ್ನೂ ಸ್ವಲ್ಪ ಹೊತ್ತು...’

‘ತಿರುಗಿ ಅಂದೆ.’

ಅವನು ತಿರುಗಿದ. ನೋಡಿದ. ಮೊಣಕಾಲೂರಿ ತೆವಳುತ್ತ ಬಂದು ಅದರ ಪಕ್ಕೆಯ ಮೇಲೆ ಕೈಯಿಟ್ಟ. ಬಹಳ ಹೊತ್ತು ಕೈ ಅಲ್ಲೇ ಇತ್ತು.

‘ಎಂಜಿನ್,’ ಎಂದ ಕೊನೆಗೆ. ‘ಗೇಟಿನ ಹತ್ರ ನಾನು ಎಂಜಿನ್ ಆಫ್ ಮಾಡ್ಲಿಲ್ಲ. ಆ ಸದ್ದಿಗೆ ನಾನು ಬಂದೆ ಅಂತ ಗೊತ್ತಾಗಿರಬೇಕು. ನನ್ನಿಂದಲೇ... ನಾನೇ ಕೊಂದ್ಬಿಟ್ಟೆ.’

‘ನಿಮಗಲ್ಲ,’ ಎಂದಳು. ‘ನನಗೆ ಹಾರ್ತು.’

ಅವನು ತಲೆಯೆತ್ತಿದ. ‘ನಿನಗಾ?’

‘ನನಗೆ.’

‘ನೀನು ಹೋದ್ರೂ ಬಂದ್ರೂ ತಲೆ ಎತ್ತಲ್ಲ ಅಂತ ಡಾಕ್ಟರ್ ಹತ್ರ ಹೇಳಿದ್ದು ಯಾರು?’

ಹೇಳಿದ್ದಳು. ಡಾಕ್ಟರಿಗೆ, ಅಕ್ಕನಿಗೆ, ನರ್ಸಿಗೆ, ದೂರು ತಂದ ಬೀದಿಯವರಿಗೆಲ್ಲ ಹೇಳಿದ್ದಳು. ಸಾಕ್ಷಿಗಳೆಲ್ಲ ಅವನ ಕಡೆಗಿದ್ದರು. ಅವಳು ಅಂಗಿಯ ಕೊರಳು ಸರಿಸಿ ಹೆಗಲು ತೋರಿಸಿದಳು. ಉಗುರಿನ ಗೀರು ಕೆಂಪಗೆ ಎದ್ದಿತ್ತು.

‘ಬೀಳೋವಾಗ ಹಿಡ್ಕೊಂಡಿರುತ್ತೆ,’ ಎಂದ.

‘ನಾಲ್ಕು ದಿನ ನಿಮ್ಮ ಮುಖ ನೋಡಿ ಅದಕ್ಕೆ ಸಾಕಾಗಿತ್ತು. ಊಟ ಬಿಟ್ಟು ನನ್ನ ಕೋಣೆ ಬಾಗಿಲಲ್ಲಿ ಬಿದ್ದಿತ್ತು. ನೀವೇ ಬಂದು ಹೇಳಿದ್ರಿ.’

‘ಅಲ್ಲಿ ನೆಲ ತಣ್ಣಗಿರುತ್ತೆ. ನೀನೇ ಹೇಳಿದ್ದು.’

ಅವನಿಗೆ ಗೊತ್ತಿತ್ತು. ಅವನ ಕಣ್ಣು ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ವಾರ್ಡಿನ ಸ್ಟೂಲಿನ ಮೇಲೆ ಕೂತು ಕಿಟಕಿ ನೋಡಿದಾಗಲೇ ಅವನಿಗೆ ಗೊತ್ತಿತ್ತು. ಅವನು ಬಂದನೆಂದು ಕುಣಿಯುವ ಜೀವ ಈ ಲೋಕದಲ್ಲಿ ಒಂದೇ ಒಂದಿತ್ತು. ಅದರ ಕೊನೆಯ ಕುಣಿತವನ್ನೂ ಬಿಟ್ಟುಕೊಟ್ಟರೆ ಅವನಿಗೆ ಉಳಿಯುವುದು ಬಸ್ಸು ಮಾತ್ರ. ಹೌದು, ನಿಮಗೇ ಇರಬೇಕು ಎಂದು ಅವಳು ಒಂದು ಮಾತು ಅಂದಿದ್ದರೆ ಅವನು ಆ ಪಾಪವನ್ನು ಹೊತ್ತುಕೊಂಡು, ಅದರಲ್ಲೇ ಸಮಾಧಾನ ಕಂಡುಕೊಳ್ಳುತ್ತಿದ್ದ. ಅನ್ನಬಹುದಿತ್ತು. ಅವಳಿಗೂ ಸಿಕ್ಕಿದ್ದು ಅದೊಂದೇ ಕುಣಿತ. ಅನ್ನಲಿಲ್ಲ.

‘ಕೊಂದವಳು ನಾನು,’ ಎಂದಳು. ‘ಬಾಗಿಲು ತೆಗೆದವಳು ನಾನು. ಒಪ್ಕೊಳ್ಳಿ.’

‘ನನ್ನಿಂದ ಸತ್ತದ್ದು ಅದು.’

‘ನನ್ನಿಂದ.’

‘ನನ್ನ ನಾಯಿ ಅದು!’

‘ನನ್ನದು,’ ಎಂದಳು ಅವಳು. ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಅವನು ಅದರ ಹಿಂಗಾಲು ಹಿಡಿದು ತನ್ನ ಕಡೆಗೆ ಎಳೆದುಕೊಳ್ಳಲು ನೋಡಿದ. ಅವಳು ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದಳು. ಅವಳ ಅಂಗಿಯ ಮೇಲೆ ಹೊಲಿಗೆಯಿದ್ದ ಕಡೆ ರಕ್ತದ ಕಲೆ ಮೂಡುತ್ತಿತ್ತು. ಇಬ್ಬರೂ ಅದನ್ನು ನೋಡಿದರು, ಇಬ್ಬರೂ ಕೈ ಬಿಡಲಿಲ್ಲ.

‘ಒಪ್ಕೊಳ್ಳಿ,’ ಎಂದಳು ಮತ್ತೆ.

‘ಸತ್ರೂ ಒಪ್ಪಲ್ಲ,’ ಎಂದು ಅವನು ಅಳುತ್ತಲೇ ಹೇಳಿದ.